ಮೂರು ತೂತಿನ ಮಡಕೆ

"ಒಂದಿನ ತೋರಿಸ್ತೀನಿ" ಎಂದು ಗಿರಿಯಪ್ಪ ಮೇಷ್ಟ್ರು ಮಗಳಿಗೆ ಮಾತು ಕೊಟ್ಟು ಒಂಬತ್ತು ವರ್ಷವಾಗಿತ್ತು. ಈಗ ಅಂಗಳದಲ್ಲಿ ಊರವರು ಅವರ ಚಟ್ಟಕ್ಕೆ ಬಿದಿರು ಸೀಳುತ್ತಿದ್ದರು. ಮಗಳು ಸರೋಜ ಹೊಸ ಮಡಕೆಗೆ ಬಾವಿನೀರು ಹೊಯ್ಯುತ್ತಿದ್ದಳು.

"ಅಷ್ಟು ತುಂಬಬೇಡ, ನಿನ್ನಣ್ಣ ಹೊರಬೇಕು," ಎಂದ ದೊಡ್ಡಪ್ಪ ವಾಸಪ್ಪ.

"ತುಂಬಿದ್ರೇ ಗೊತ್ತಾಗೋದು ದೊಡ್ಡಪ್ಪ. ಅಣ್ಣ ಚಿತೆ ಸುತ್ತುವಾಗ ಸುತ್ತಿಗೊಂದರಂಗೆ ಮೂರು ತೂತು ಹಾಕ್ತೀರಲ್ಲ, ನಾನೂ ಬಂದು ನೋಡ್ತೀನಿ. ದೂರ ನಿಂತ್ಕಳ್ತೀನಿ."

"ಮಸಣಕ್ಕಾ? ಹೆಣ್ಮಕ್ಕಳು ಬರಂಗಿಲ್ಲ ಮಾರಾಯ್ತಿ. ನಿಮ್ಮಪ್ಪ ಓದಿಸಿದ್ದು ಜಾಸ್ತಿ ಆತು ನಿಂಗೆ."

ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ನೆರೆಮನೆಯ ಜಟ್ಟಪ್ಪ ಹೇಳಿದ: "ಲೋಟದ ಬಾಯಿಗೆ ಕಾರ್ಡು ಮುಚ್ಚಿ, ಬೋರಲು ಮಾಡಿ, ಪಟೇಲರ ತಲೆ ಮೇಲೇ ಹಿಡಿದಿದ್ರು ಮೇಷ್ಟ್ರು. ಒಂದು ಹನಿ ಬೀಳ್ಲಿಲ್ಲ. ಪಟೇಲರಿಗೆ ಮಾತ್ರ ಬೆವರಿಳೀತು. ಆಮೇಲೆ ಎಂತಕ್ಕೋ ಎಲ್ಲಾ ಬಿಟ್ಟೇಬಿಟ್ರು."

ಪಕ್ಕದಲ್ಲಿದ್ದ ದುಗ್ಗಪ್ಪ ನಗಲಿಲ್ಲ.

*

ಅದು ಅರವತ್ತನೇ ಇಸವಿ. ಹೊಸನಗರದ ಕಡೆಯ ಆ ಒಂದೇ ಕೋಣೆಯ ಶಾಲೆಗೆ ಮೇಷ್ಟ್ರು ಮಡಕೆಯೊಂದನ್ನು ತಂದಿದ್ದರು. ಒಂದರ ಕೆಳಗೊಂದು ಮೂರು ತೂತು, ಮೂರಕ್ಕೂ ಮೇಣ ಮೆತ್ತಿತ್ತು.

"ಯಾವುದರ ನೀರು ದೂರ ಹಾರುತ್ತೆ?"

ಮಕ್ಕಳೆಲ್ಲ ಮೇಲಿನದು ಎಂದರು. ಹತ್ತು ವರ್ಷದ ಸರೋಜ ಒಬ್ಬಳೇ ಕೆಳಗಿನದು ಎಂದಳು. "ಅದರ ಮೇಲೆ ಅಷ್ಟೂ ನೀರು ಕೂತಿದೆಯಲ್ಲ."

ಮೇಷ್ಟ್ರು ಮೇಣಕ್ಕೆ ಉಗುರು ಹಾಕುವಷ್ಟರಲ್ಲಿ ದುಗ್ಗಪ್ಪ ಬಾಗಿಲಲ್ಲಿದ್ದ. ತಾಯಿಗೆ ಕೊಳ್ಳಿಯಿಟ್ಟು ತಿಂಗಳಾಗಿರಲಿಲ್ಲ. ಬೋಳಿಸಿದ ತಲೆಯಲ್ಲಿ ಕೂದಲು ಈಗಷ್ಟೇ ಚಿಗುರಿತ್ತು.

"ಹೆಣದ ಮಡಕೆ ತಂದು ನನ್ನ ಮಗನ ಮುಂದೆ ಇಡ್ತೀರಾ ಮೇಷ್ಟ್ರೇ?"

ಒದ್ದ. ಮಡಕೆ ಚೂರಾಯಿತು. ಮರುದಿನ ಶಾಲೆಗೆ ಬಂದದ್ದು ನಾಲ್ಕೇ ಮಕ್ಕಳು. ಮೇಷ್ಟ್ರು ಮನೆಮನೆಗೆ ಹೋಗಿ ಕೈಮುಗಿದು ಉಳಿದವರನ್ನು ಕರೆತಂದರು. ಆಮೇಲೆ ಪಾಠಕ್ಕೆ ಪುಸ್ತಕ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

"ಡಬ್ಬಿಗೆ ತೂತು ಹಾಕಿದ್ರೆ ಆಗಲ್ವಾ ಅಪ್ಪ?"

"ಸೋರೋದೆಲ್ಲ ಅವರಿಗೆ ಒಂದೇ ಮಗಾ. ನೀನು ಹೇಳಿದ್ದು ಸರಿಯಾ ತಪ್ಪಾ, ನಾನೇ ಒಂದಿನ ತೋರಿಸ್ತೀನಿ. ಅಲ್ಲೀವರೆಗೆ ನೀನು ಕೈ ಹಾಕಬೇಡ."

ಅವಳು ಹಾಕಲಿಲ್ಲ. ಪ್ರತಿ ಬೇಸಿಗೆ ರಜೆಯಲ್ಲೂ ಕೇಳಿದಳು. ಮೂರು ವರ್ಷದ ಮೇಲೆ ಕೇಳುವುದನ್ನೂ ಬಿಟ್ಟಳು.

*

ಹೆಣ ಎತ್ತುವ ಹೊತ್ತಿಗೆ ದುಗ್ಗಪ್ಪ ಮುಂದೆ ಬಂದ. "ವಾಸಪ್ಪ, ನೀನು ತಮ್ಮನ್ನ ಕಳಕಂಡವ. ಮಡಕೆಗೆ ತೂತು ನಾನು ಹಾಕ್ತೀನಿ."

ಸರೋಜ ಅವನ ಎದುರು ನಿಂತಳು. "ಹಂಗಾದ್ರೆ ನೀವೇ ನೋಡ್ಕಂಡು ಬನ್ನಿ ಮಾವ. ಯಾವ ತೂತಿಂದು ದೂರ ಬೀಳುತ್ತೆ ಅಂತ. ಅಣ್ಣ ತಿರುಗಿ ನೋಡಂಗಿಲ್ಲ."

ದುಗ್ಗಪ್ಪ ಅವಳ ಮುಖ ನೋಡಲಾರದೆ ತಲೆಯಾಡಿಸಿದ.

ಮಧ್ಯಾಹ್ನ ಇಳಿದ ಮೇಲೆ ಗಂಡಸರು ಹೊಳೆಯಲ್ಲಿ ಮಿಂದು ಬಂದರು. ಎಲ್ಲರ ಬಟ್ಟೆಯೂ ಒಂದೇ ಸಮ ಒದ್ದೆ. ದುಗ್ಗಪ್ಪ ಮಾತ್ರ ಬೇಲಿಯಾಚೆಯೇ ನಿಂತಿದ್ದ. ಸರೋಜ ಅಲ್ಲಿಗೇ ಹೋದಳು.

"ಮೊದಲನೇದು ಸರಿಯಾಗಿ ಬಿತ್ತು ತಂಗಿ," ಎಂದ. "ಎರಡನೇ ಸುತ್ತಿಗೆ ಕಲ್ಲು ಎತ್ತಿದೆ, ಏಟು ಜೋರಾತು. ಮಡಕೆ ಒಡೆದೇ ಹೋತು."

"ಕೆಳಗಿನ ತೂತು?"

"ಅದು ಹಾಕಕ್ಕೇ ಆಗ್ಲಿಲ್ಲ."

ಅವನ ಪಂಚೆಯ ಅಂಚಿನಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಗಿರಿಯಪ್ಪ ಮೇಷ್ಟ್ರು ಕೊನೆಗೂ ಮಗಳಿಗೆ ತೋರಿಸಲಿಲ್ಲ.