ಗುಂಡಿಗೆ ಇಡುವ ಪುಸ್ತಕ

ಭಾನುಪ್ರಕಾಶ್ ಮಂಚದ ಕೆಳಗಿನ ಟ್ರಂಕನ್ನು ದರದರನೆ ಎಳೆದುಕೊಂಡು ಅಂಗಳಕ್ಕೆ ತಂದು ಮುಚ್ಚಳ ಎತ್ತಿದ.

"ಯಾವುದು ಇಡಣ ಕೋನಪ್ಪ ಮಾಮ? ಅಪ್ಪನ ರುಚಿ ನಿಮಗೇ ಗೊತ್ತು, ನೀವೇ ಹೇಳಿ."

ಗಂಡನ ಹೆಣದ ತಲೆಯ ಹತ್ತಿರ ಕೂತು ದೀಪಕ್ಕೆ ಎಣ್ಣೆ ಹುಯ್ಯುತ್ತಿದ್ದ ಕನಕಲಕ್ಷ್ಮಿ ಕತ್ತೆತ್ತಿದಳು. ಈ ಮನೆಗೆ ಬಂದಾಗಿನಿಂದ ಆ ಟ್ರಂಕಿನ ಧೂಳು ಒರೆಸುತ್ತಿದ್ದವಳು ಅವಳೇ. ಒಂದು ದಿನವೂ ಅದರ ಮುಚ್ಚಳ ತೆಗೆದವಳಲ್ಲ. ಈಗ ನೋಡಿದರೆ ಊರ ಗಂಡಸರೆಲ್ಲ ಅದರೊಳಗೆ ಕೈಯಾಡಿಸುತ್ತಿದ್ದರು.

ಸತ್ತವರಿಗೆ ಬೇಕಾದದ್ದೊಂದನ್ನು ಅವರ ಜೊತೆಯಲ್ಲೇ ಗುಂಡಿಗೆ ಇಡುವುದು ಆ ಮನೆತನದ ರೂಢಿ. ಮಾವನ ಜೊತೆ ಬೀಡಿ ಕಟ್ಟು ಹೋಗಿತ್ತು, ಅತ್ತೆ ಗಂಗುಲಮ್ಮನ ಜೊತೆ ಎಲೆಅಡಿಕೆ ಸಂಚಿ. ಗಂಡ ಮುನಿವೆಂಕಟಪ್ಪನಿಗೆ ಬೀಡಿಯೂ ಇರಲಿಲ್ಲ, ಎಲೆಅಡಿಕೆಯೂ ಇರಲಿಲ್ಲ. ಇದ್ದದ್ದು ಕಾದಂಬರಿಯ ಹುಚ್ಚೊಂದೇ. ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಲು ಹೋದರೂ ಸೊಂಟದಲ್ಲಿ ಒಂದು ಪುಸ್ತಕ ಸಿಕ್ಕಿಸಿಕೊಂಡು ಹೋಗುವ ಮನುಷ್ಯ.

"ತೆಳ್ಳಗಿರೋದು ಮಾತ್ರ ಬೇಡಪ್ಪ," ಅಂದ ಕೋನಪ್ಪ. ಜಂಗಮಕೋಟೆಯವನು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಮುನಿವೆಂಕಟಪ್ಪನ ಪಕ್ಕದಲ್ಲೇ ತನ್ನ ಗೂಡೂ ಸುರಿದುಕೊಂಡು ಕೂರುತ್ತಿದ್ದ ಹಳೇ ಸ್ನೇಹಿತ. "ತೆಳ್ಳಗಿನ ಪುಸ್ತಕ ಕಂಡ್ರೆ ಅವನಿಗೆ ಮೈಯೆಲ್ಲಾ ಉರಿ. ಅಗಲವಾದ ಎಲೆ ಹಾಕಿ ಬರೀ ಉಪ್ಪಿನಕಾಯಿ ಬಡಿಸ್ತಾರೆ ಅನ್ನೋನು. ಪದ್ಯವಂತೂ ಆಗ್ತಾನೇ ಇರಲಿಲ್ಲ. ಸಾಲು ಅರ್ಧಕ್ಕೇ ಬಿಟ್ಟು ಕಾಗದ ದಂಡ ಮಾಡ್ತಾರಂತೆ."

ನಾಲ್ಕು ಜನ ನಕ್ಕರು. ಹೆಣದ ಕಡೆ ಕಣ್ಣು ಹೋದದ್ದೇ ನಗು ನುಂಗಿಕೊಂಡರು.

"ಕೊಲೆ ಇರ್ಬೇಕು, ಇಲ್ದಿದ್ರೆ ಮನೆ ಬಿಟ್ಟು ಓಡಿಹೋದೋರು ಇರ್ಬೇಕು," ಅಂದ ದಿಬ್ಬೂರಹಳ್ಳಿಯಿಂದ ಬಂದಿದ್ದ ಇನ್ನೊಬ್ಬ ರೈತ. "ಏನು ಕತೆ ಹೇಳ್ತಿದ್ದನಪ್ಪ ಪುಣ್ಯಾತ್ಮ! ಹರಾಜು ಕೂಗೋರು ಬಂದು ನಿಂತ್ರೂ ನಾವು ಏಳ್ತಿರಲಿಲ್ಲ. ಒಂದ್ಸಲ ನನ್ನ ಗೂಡು ಯಾರ ಪಾಲಾಯ್ತು ಅನ್ನೋದೇ ನಂಗೆ ಗೊತ್ತಾಗಲಿಲ್ಲ ಕಣ್ರೀ."

ಕನಕಲಕ್ಷ್ಮಿ ಎಣ್ಣೆಯ ಗಿಂಡಿಯನ್ನು ಕೆಳಗಿಟ್ಟಳು. ಕತೆ ಹೇಳುತ್ತಿದ್ದರೆ? ಇವರೆ? ಸಾರಿಗೆ ಉಪ್ಪು ಸಾಲದಿದ್ದರೂ ಬಾಯಿ ಬಿಟ್ಟು ಹೇಳದೆ ತಟ್ಟೆಯನ್ನು ಆಚೆ ತಳ್ಳುತ್ತಿದ್ದವರು, ಮಾರ್ಕೆಟ್ಟಿನಲ್ಲಿ ಹತ್ತು ಜನರನ್ನು ಕೂರಿಸಿಕೊಂಡು ಕತೆ ಹೇಳುತ್ತಿದ್ದರೆ? ಬೆಳಗ್ಗೆಯಿಂದ ಬಾರದ ಅಳು ಈಗಲೂ ಬರಲಿಲ್ಲ. ಒಳಗೆ ದುಃಖಕ್ಕಿಂತ ಹೊಟ್ಟೆಯುರಿಯೇ ಹೆಚ್ಚಿತ್ತು.

* * *

ಹಿಂದೂಪುರದ ಆಚೆಯ ಹಳ್ಳಿಯಿಂದ ಮೇಲೂರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಏಳನೇ ಕ್ಲಾಸಿನವರೆಗೆ ತೆಲುಗು ಓದು ಆಗಿತ್ತು. ತವರಿನಲ್ಲಿ ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ನೆಕ್ಕಿ, ಬಿಡಿಸಿ, ಓದಿಯೇ ಎಸೆಯುತ್ತಿದ್ದವಳು. ಇಲ್ಲಿ ಮನೆಯಲ್ಲಿ ಆಡುವ ಮಾತು ತೆಲುಗೇ ಆದರೂ ಅಚ್ಚಾದದ್ದೆಲ್ಲ ಕನ್ನಡ. ಗಂಡನಿಗೆ ಓದುವ ಹುಚ್ಚಿದೆ ಅಂತ ತಿಳಿದ ದಿನ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ. ರೇಷ್ಮೆ ಹುಳು ಜ್ವರಕ್ಕೆ ಕೂತಿದ್ದವು, ಪೊರೆ ಬಿಡುವವರೆಗೆ ಸೊಪ್ಪು ಹಾಕುವ ಕೆಲಸವಿರಲಿಲ್ಲ. ಹುಳದ ಮನೆಯ ಹೊಸ್ತಿಲ ಮೇಲೆ ಕೂತು ಮುನಿವೆಂಕಟಪ್ಪ ಒಂದು ದಪ್ಪನೆಯ ಕಾದಂಬರಿ ತೆಗೆದ. ಕನ್ನಡದಲ್ಲಿ ಒಂದು ಸಾಲು ಓದುವುದು, ಅದನ್ನು ತೆಲುಗಿನಲ್ಲಿ ಅವಳಿಗೆ ಬಿಡಿಸಿ ಹೇಳುವುದು. ಹಾಗೇ ಎರಡು ಅಧ್ಯಾಯ ಓದಿದ. ಅಕ್ಕ ತಂಗಿಯರ ಕತೆ. ತಂಗಿ ಕಾಣೆಯಾಗಿದ್ದಾಳೆ. ಅಕ್ಕ ಲಾಟೀನು ಹಿಡಿದು ಕೆರೆ ಏರಿಯ ಮೇಲೆ ಹುಡುಕುತ್ತ ಹೋಗುತ್ತಾಳೆ. ಯಾರೋ ಹಿಂದಿನಿಂದ ಅವಳ ಹೆಸರು ಹಿಡಿದು ಕರೆಯುತ್ತಾರೆ.

"ಏನೋ, ಹೆಂಡ್ತಿಗೆ ಹರಿಕತೆ ಮಾಡ್ತಾ ಕೂತಿದೀಯಾ?" ಬಾಗಿಲಲ್ಲಿ ಗಂಗುಲಮ್ಮ ನಿಂತಿದ್ದಳು. "ನಾಳೆ ಜಡೇನೂ ಹಾಕ್ತೀಯಾ? ಸೀರೇನೂ ಒಗೆದುಕೊಡ್ತೀಯಾ?"

ಮುನಿವೆಂಕಟಪ್ಪನ ಕಿವಿಯೆಲ್ಲ ಕೆಂಪಾಯಿತು. ಪುಸ್ತಕ ಮುಚ್ಚಿ ಎದ್ದುಬಿಟ್ಟ.

"ತರ್ವಾತ?" ಅಂತ ಕನಕಲಕ್ಷ್ಮಿ ಮೆಲ್ಲಗೆ ಕೇಳಿದಳು, ಆಮೇಲೇನಾಯಿತು ಅಂತ.

"ನಾಳೆ," ಅಂದ.

ಆ ನಾಳೆ ಬರಲೇ ಇಲ್ಲ. ಮೂರ್ನಾಲ್ಕು ಸಲ ಕೇಳಿದಳು. ಕೊನೆಗೆ, ನೀವು ಓದದಿದ್ದರೆ ಬೇಡ, ನನಗೇ ಕನ್ನಡ ಅಕ್ಷರ ಕಲಿಸಿ ಅಂದಳು. ಅವನು ಓದುತ್ತಿದ್ದ ಹಾಳೆಯಿಂದ ಕಣ್ಣೆತ್ತದೆ, "ನಿಂದು ತೆಲುಗು ಅಕ್ಷರ, ಇದೇ ಬೇರೆ. ನಿನ್ನ ಕೈಲಾಗಲ್ಲ ಬಿಡು," ಅಂದ. ಅಷ್ಟು ಓದಿದವರೇ ಹೇಳಿದ ಮೇಲೆ ಇನ್ನೇನು ಅಂತ ಅವಳು ನಂಬಿದಳು. ಬಸ್ಸಿನ ಬೋರ್ಡು, ಔಷಧಿ ಅಂಗಡಿಯ ಬೋರ್ಡು ಎಲ್ಲ ಅವಳಿಗೆ ತಿಳಿಯುತ್ತಿತ್ತು. ಅದನ್ನು ಓದು ಅಂತ ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನೋಡಿ ನೋಡಿ ಗುರುತಾಗಿದೆ ಅಂದುಕೊಂಡಳು.

ಆಮೇಲೆ ಬದುಕೆಲ್ಲ ಅದೇ ಹುಳದ ಮನೆಯಲ್ಲಿ ಕಳೆಯಿತು. ಅವಳು ತಟ್ಟೆ ತಟ್ಟೆಗೂ ಸೊಪ್ಪು ಉದುರಿಸುತ್ತ, ಅವನು ಬಲ್ಬಿನ ಕೆಳಗೆ ಓದುತ್ತ. ಊಟವಾದ ಮೇಲೆ ಕೈ ಒರೆಸಿಕೊಂಡೇ ಪುಸ್ತಕ ಮುಟ್ಟುವನು, ಹಾಳೆಯ ಮೂಲೆ ಮಡಿಸುವವನಲ್ಲ. ಕೆಲವು ಸಲ ಒಬ್ಬನೇ ನಗುವನು. ಒಂದು ದಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡದ್ದನ್ನೂ ಅವಳು ನೋಡಿದ್ದಳು. ಪಕ್ಕದಲ್ಲೇ ಇರುವ ಗಂಡ ಯಾರಿಗಾಗಿ ಅಳುತ್ತಿದ್ದಾನೆ ಅನ್ನುವುದು ಗೊತ್ತಿಲ್ಲದೆ ಸೊಪ್ಪು ಹಾಕುತ್ತಿರುವುದು ಎಂಥ ಒಂಟಿತನ ಅಂತ ಯಾರಿಗೆ ಹೇಳುವುದು? ಹೊಡೆಯುವುದಿಲ್ಲ, ಕುಡಿಯುವುದಿಲ್ಲ, ಇನ್ನೇನು ಬೇಕು ನಿನಗೆ ಅಂತ ಕೇಳುತ್ತಿದ್ದರು.

* * *

"ಇದೇ ಕಣಪ್ಪ, ಇದೇ!" ಕೋನಪ್ಪ ಟ್ರಂಕಿನ ತಳದಿಂದ ಕ್ಯಾಲೆಂಡರ್ ಕಾಗದದ ರಟ್ಟು ಹಾಕಿದ್ದ ಪುಸ್ತಕವೊಂದನ್ನು ಎತ್ತಿ ಹಿಡಿದ. "ಇದು ಅವನ ಪ್ರಾಣ. ಹೊಸಬರು ಯಾರು ಬಂದು ಕೂತ್ರೂ ಇದರಿಂದ್ಲೇ ಶುರು. ಅಕ್ಕ ಲಾಟೀನು ಹಿಡ್ಕೊಂಡು ಕೆರೆ ಏರಿ ಮೇಲೆ ಹೋಗ್ತಾ ಇರ್ತಾಳೆ, ಹಿಂದಿನಿಂದ ಯಾರೋ ಹೆಸರು ಹಿಡಿದು..."

"ತರ್ವಾತ?"

ಎಲ್ಲರೂ ತಿರುಗಿ ನೋಡಿದರು. ಕನಕಲಕ್ಷ್ಮಿ ಹೆಣದ ಪಕ್ಕದಿಂದ ಎದ್ದು ನಿಂತಿದ್ದಳು.

"ಏನತ್ತಿಗೆ ಇದು, ಹೆಣ ಮುಂದಿಟ್ಕೊಂಡು!" ನಾದಿನಿ ಚಿಕ್ಕವೆಂಕಟಮ್ಮ ಸೆರಗು ಹಿಡಿದು ಎಳೆದಳು.

"ಆಮೇಲೇನಾಯ್ತು ಕೋನಪ್ಪಣ್ಣ? ಯಾರು ಕರೆದದ್ದು ಅವಳನ್ನ?"

ಕೋನಪ್ಪ ತಬ್ಬಿಬ್ಬಾದ. "ಅಲ್ಲ ಅತ್ತಿಗೆ, ನಿಮಗೆ ಗೊತ್ತಿಲ್ವಾ? ಯಾವ ಕತೆಯಾದ್ರೂ ಮೊದಲು ನಿಮಗೆ ಹೇಳಿಯೇ ನಮಗೆ ಹೇಳೋದು ಅಂತಿದ್ದನಲ್ಲ. 'ನಮ್ಮನೆಯೋಳು ಅತ್ರೆ ಕತೆ ಗೆದ್ದಂಗೆ' ಅನ್ನೋನು. 'ಹುಳಕ್ಕೆ ಸೊಪ್ಪು ಹಾಕೋದೂ ಮರೆತು ಕೂತು ಕೇಳ್ತಾಳೆ' ಅನ್ನೋನು."

ಕನಕಲಕ್ಷ್ಮಿ ಗಂಡನ ಮುಖ ನೋಡಿದಳು. ಮೂಗಿಗೆ ಹತ್ತಿ ಇಟ್ಟು, ಗಲ್ಲಕ್ಕೆ ಬಟ್ಟೆ ಕಟ್ಟಿದ ಮುಖ. ಆಸೆ ಇದ್ದವರು ಅಮ್ಮ ಸತ್ತ ಮೇಲಾದರೂ ಹೇಳಬಹುದಿತ್ತು. ನಾಚಿಕೆ ಕೂತು ಕೂತು ಗಟ್ಟಿಯಾಗಿ ಹೋಗಿತ್ತೋ ಏನೋ. ಅವನು ಊರಿಗೆಲ್ಲ ಕಟ್ಟಿ ಹೇಳಿದ್ದ, ಕೂತು ಕತೆ ಕೇಳುವ ಆ ಹೆಂಡತಿಯ ಮೇಲೆ ಅವಳಿಗೆ ತಡೆಯಲಾರದಷ್ಟು ಸಿಟ್ಟು ಬಂತು, ಸವತಿಯ ಮೇಲೆ ಬರುವಂಥದ್ದು.

ಅಷ್ಟರಲ್ಲಿ ತಮಟೆ ಶುರುವಾಯಿತು. ಚಟ್ಟ ತಯಾರಾಗಿದೆ, ಬಿಸಿಲೇರುತ್ತಿದೆ ಅಂತ ಯಾರೋ ಕೂಗಿದರು. ಕೋನಪ್ಪ ಪುಸ್ತಕವನ್ನು ಭಾನುಪ್ರಕಾಶನ ಕೈಗೆ ಕೊಟ್ಟು ಹೆಗಲು ಕೊಡಲು ಓಡಿದ. ಅವಳ ಪ್ರಶ್ನೆ ಮತ್ತೆ ಹಾಗೇ ಉಳಿಯಿತು.

ತೋಟದ ಅಂಚಿನಲ್ಲಿ, ಅತ್ತೆ ಮಾವನ ಪಕ್ಕದಲ್ಲೇ ಗುಂಡಿ ತೋಡಿದ್ದರು. ಹೆಣವನ್ನು ಇಳಿಸಿದರು, ಉಪ್ಪು ಸುರಿದರು. ಭಾನುಪ್ರಕಾಶ್ ಕೆಳಗಿಳಿದು ಅಪ್ಪನ ಎದೆಯ ಮೇಲೆ ಪುಸ್ತಕ ಇಟ್ಟು ಮೇಲೆ ಬಂದ. ಗಂಡಸರು ಒಬ್ಬೊಬ್ಬರೇ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡು ಗುಂಡಿಯ ಸುತ್ತ ನಿಂತರು.

"ಆ ಪುಸ್ತಕ ಈ ಕಡೆ ಕೊಡು," ಅಂದಳು ಕನಕಲಕ್ಷ್ಮಿ.

"ಅಮ್ಮ, ಗುಂಡಿಗೆ ಇಟ್ಟದ್ದನ್ನ ತೆಗೀಬಾರದು."

"ಅವರು ಓದಿ ಆಗಿದೆ. ನಂದಿನ್ನೂ ಆಗಿಲ್ಲ. ಕೊಡು."

ಮಗ ಮಿಸುಕಲಿಲ್ಲ. ಅವಳು ತಾನೇ ಗುಂಡಿಗಿಳಿದು ತೆಗೆದುಕೊಂಡು, ಮೇಲೆ ಬಂದು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಉಪ್ಪು ಕೊಡವಿದಳು. ಹಾಳೆ ಮಗುಚುತ್ತ ಮೂರನೆಯ ಅಧ್ಯಾಯ ಶುರುವಾಗುವ ಕಡೆ ಬೆರಳಿಟ್ಟಳು. ಅಕ್ಷರಗಳು ಮೊದಲಿಗೆ ಇರುವೆ ಸಾಲಿನಂತೆ ಕಂಡವು. ಕೈಲಾಗದಿದ್ದರೆ? ಒಂದೊಂದನ್ನೇ ದಿಟ್ಟಿಸಿದಳು. ಇದು ತಿ. ಇದು ರು. ಇದನ್ನು ಅವಳು ಬಲ್ಲಳು, ಇದನ್ನೂ ಬಲ್ಲಳು. ನೆತ್ತಿಯ ಮೇಲಿನ ಗೀಟು ತೆಲುಗಿಗಿಂತ ಕೊಂಚ ಬೇರೆ, ಅಷ್ಟೇ.

"ಹಿಂ...ತಿ...ರು...ಗಿ," ಬೆರಳು ಮುಂದೆ ಸರಿಯಿತು, "ನೋ...ಡಿ...ದ...ಳು. ಹೊ...ರ...ಳಿ ನೋಡಿದಳು. ಯಾ...ರೂ ಇರಲಿಲ್ಲ."

ಕನ್ನಡ ಓದುವುದು ಅಂದರೆ ಇಷ್ಟೇನಾ? ಇಷ್ಟಕ್ಕಾ? ಇಷ್ಟು ವರ್ಷ ಈ ಟ್ರಂಕನ್ನು ಹೊರಗಿನಿಂದ ಒರೆಸಿದ್ದು ಇಷ್ಟಕ್ಕಾ? ಬೆಳಗ್ಗೆಯಿಂದ ಬಾರದಿದ್ದ ಅಳು ಆಗ ಒಡೆಯಿತು. ಅವಳು ಬಾಯಿ ಬಿಟ್ಟು ಅತ್ತಳು. ಗಂಡ ಸತ್ತದ್ದು ಈಗ ಮನಸ್ಸಿಗೆ ನಾಟಿತು ಅಂತ ಹೆಂಗಸರು ಕಣ್ಣೊರೆಸಿಕೊಂಡರು.

"ಹೊತ್ತಾಯ್ತು ಅತ್ತಿಗೆ," ಕೋನಪ್ಪ ತಗ್ಗಿದ ದನಿಯಲ್ಲಿ ಹೇಳಿದ. "ಮಣ್ಣು ಹಾಕಣ, ಮಿಕ್ಕಿದ ಕತೆ ಮನೆಗೆ ಹೋಗಿ ನಾನೇ ಹೇಳ್ತೀನಿ."

"ನೀವು ಹೇಳಬೇಡಿ," ಅಂದಳು. ಸೆರಗಿನಿಂದ ಮೂಗೊರೆಸಿಕೊಂಡು ಮತ್ತೆ ಬೆರಳಿಟ್ಟಳು. "ಇರಿ."

ಗುಂಡಿಯ ಸುತ್ತ ನಿಂತವರ ಮುಷ್ಟಿಯೊಳಗಿನ ಹಸಿ ಮಣ್ಣು ಬಿಸಿಲಿಗೆ ಒಣಗಿ, ಬೆರಳ ಸಂದಿಯಿಂದ ಅವರವರ ಕಾಲ ಮೇಲೇ ಉದುರತೊಡಗಿತು. ಅವಳು ಹಾಳೆ ತಿರುಗಿಸಿದಳು.