ಒಂಟಿ ನಮೂದು

ಒಂದೇ ಸಲ ಆಗುವ, ಒಂದೇ ಒಂದು ಇರುವ ಸಂಗತಿಗಳಿಗೆ ಇಂಗ್ಲಿಷಿನಲ್ಲಿ ಏನೇನು ಶಬ್ದಗಳಿವೆ ಎಂದು ಯಾರಾದರೂ ಕೇಳಲಿ ಅಂತ ನಾನು ಮೂವತ್ತೊಂದು ವರ್ಷ ಕಾದೆ. ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ನಾನು ಇಂಗ್ಲಿಷ್ ಕಲಿಸಿದ ಹೈಸ್ಕೂಲಿನಲ್ಲಿ ಯಾರೂ ಕೇಳಲಿಲ್ಲ. ಹುಡುಗರಿಗೆ ಗೈಡಿನ ಆಚೆ ಏನೂ ಬೇಡವಾಗಿತ್ತು, ಉಳಿದ ಮಾಸ್ತರರಿಗೆ ಗೈಡೂ ಬೇಡವಾಗಿತ್ತು. ಆದರೂ ಪಟ್ಟಿ ಮಾಡುತ್ತಲೇ ಹೋದೆ. ಒಂದು ಭಾಷೆಯ ಹಳೆಯ ಬರಹದಲ್ಲೆಲ್ಲ ಒಮ್ಮೆ ಮಾತ್ರ ಸಿಗುವ ಶಬ್ದ ಹ್ಯಾಪಾಕ್ಸ್. ಆ ಹೊತ್ತಿನ ಗರಜಿಗೆ ಹುಟ್ಟಿಸಿ ಮರೆತುಬಿಟ್ಟದ್ದು ನಾನ್ಸ್ ವರ್ಡ್. ಒಮ್ಮೆ ಮಾಡಿ ಬಿಟ್ಟದ್ದು ಒನ್-ಆಫ್. ಜೋಡಿಯಿಲ್ಲದ್ದು ಯುನೀಕ್. ಲಗ್ನಪತ್ರಿಕೆ, ಲೈಟ್ ಬಿಲ್ಲು, ಔಷಧಿ ಚೀಟಿ, ಹಿಂಬದಿ ಖಾಲಿ ಇದ್ದ ಯಾವ ಕಾಗದವನ್ನೂ ನಾನು ಬಿಟ್ಟವನಲ್ಲ. ಅವೆಲ್ಲ ಈಗ ಕಪಾಟಿನ ಮೇಲೆ ಬಿಸ್ಕೀಟ್ ಡಬ್ಬಿಯಲ್ಲಿವೆ. ನನ್ನ ಹೆಂಡತಿ ಗಿರಿಜಾಬಾಯಿ ಅದಕ್ಕೆ ನಿಮ್ಮ ಆಸ್ತಿ ಅನ್ನುತ್ತಾಳೆ, ನಗದೆ.

ಸಾರಿಕಾ ನನ್ನ ಹಳೆಯ ವಿದ್ಯಾರ್ಥಿನಿ, ಗಾಣದವರ ಮನೆಯವಳು. ಅವರ ಗಾಣ ನಿಂತು ನಲವತ್ತು ವರ್ಷವಾಯಿತು. ಕಲ್ಲು ಮಾತ್ರ ಬಾಗಿಲ ಮುಂದೆ ಬಿದ್ದಿದೆ, ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಹೋದ ವರ್ಷ ಆಕೆ ಮೀಸಲು ಜಾಗದಲ್ಲಿ ಆರೋಗ್ಯ ಸೇವಿಕೆಯ ಕೆಲಸಕ್ಕೆ ಆಯ್ಕೆಯಾದಳು. ಹಳೆಯ ಕಾಗದ ನೋಡಿ ಜಾತಿ ಖರೆ ಎಂದು ಸರಕಾರದ ಸಮಿತಿ ಕೊಡುವ ವ್ಯಾಲಿಡಿಟಿ ಪತ್ರ ತಂದು ಕೊಟ್ಟರೆ ಕೆಲಸ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಒಬ್ಬರಿಗೆ ಅದು ಸಿಕ್ಕರೆ ಬೆನ್ನಿಗೆ ಹುಟ್ಟಿದವರಿಗೂ ದಾರಿ ಆಗುತ್ತದೆ. ತಂಗಿ ಪೂನಮ್ ಆಗ ಹನ್ನೆರಡನೆಯದರಲ್ಲಿದ್ದಳು.

ತೊಡಕೆಂದರೆ, ಮನೆಯವರ ಕಾಗದಗಳಲ್ಲೆಲ್ಲ ಬರೀ ‘ಲಿಂಗಾಯತ’ ಎಂದಿತ್ತು. ಮೀಸಲಿಗೆ ಬೇಕಾಗಿದ್ದ ‘ಲಿಂಗಾಯತ ತೇಲಿ’, ಅಂದರೆ ಗಾಣಿಗ, ಸಿಕ್ಕದ್ದು ಎರಡೇ ಕಡೆ. ಒಂದು, ಅಜ್ಜ ನಾಗನಾಥನ ಹೆಸರಿದ್ದ ನಿಜಾಮರ ಕಾಲದ ಶಾಲೆಯ ರಜಿಸ್ಟರು. ಉರ್ದು, ಮುತ್ತಿನಂಥ ಅಕ್ಷರ. ಇನ್ನೊಂದು, ಅಜ್ಜನ ತಮ್ಮ ಗುರಣ್ಣನ ಟಿ.ಸಿ. ಲೋಹಾರಾ ಕಡೆಯ ಆ ಶಾಲೆಯೂ ಇಲ್ಲ, ಅದರ ದಫ್ತರವೂ ಇಲ್ಲ. ಟಿ.ಸಿ. ಮಡಿಕೆಯಲ್ಲಿ ಹರಿದು, ಎಣ್ಣೆ ಕುಡಿದು, ಅಡ್ಡಹೆಸರು ತಪ್ಪಾಗಿತ್ತು.

ಅರ್ಜಿ ನಾನೇ ಬರೆದೆ. ಮರಾಠಿಯಲ್ಲಿ ಬರೆದರೆ ನಡೆಯುತ್ತಿತ್ತು, ಆದರೆ ನನ್ನ ಇಂಗ್ಲಿಷನ್ನು ಯಾರಾದರೂ ಓದಬೇಕಿತ್ತಲ್ಲ. ಟಿ.ಸಿ. ನೋಡಿ ಮೂಗು ಮುರಿದೆ.

“ಇದು ಬ್ಯಾಡವ್ವಾ. ಹರದದ, ಹೆಸರೂ ತಪ್ಪದ. ಇದನ್ನ ಇಟ್ರ ಒಳ್ಳೇದ್ರ ಮ್ಯಾಲೂ ಶಂಕಾ ಬರ್ತದ. ಬಂಗಾರದಂಥಾ ಪುರಾವಾ ಒಂದು ಸಾಕು.”

“ಆಯ್ತ್ರೀ ಸರ್. ನಿಮಗ ಗೊತ್ತಿರ್ತದ,” ಎಂದು ಆಕೆ ಟಿ.ಸಿ.ಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದಳು.

ಮೊನ್ನೆ ಸೋಮವಾರ ಸಮಿತಿಯ ಆದೇಶ ಹಿಡಿದು ಬಂದಳು. ಹನ್ನೊಂದು ಪುಟ, ಎಲ್ಲ ಇಂಗ್ಲಿಷ್.

“ಅರ್ಧಾ ತಿಳೀತು, ಅರ್ಧಾ ತಿಳೀಲಿಲ್ರೀ. ನೀವು ಓದಿ ಹೇಳ್ರಿ.”

ನಾಚಿಕೆ ಬಿಟ್ಟು ಹೇಳುತ್ತೇನೆ, ಓದುವಾಗ ನನಗೆ ಮೊದಲು ಖುಷಿಯೇ ಆಯಿತು. ಒಂದೇ ಪುಟದಲ್ಲಿ ಸಾಲಿಟರಿ, ಲೋನ್, ಐಸೊಲೇಟೆಡ್, ಸ್ಟ್ರೇ. ನನ್ನ ಪಟ್ಟಿಯಲ್ಲಿ ಸ್ಟ್ರೇ ಇರಲೇ ಇಲ್ಲ. ಅದರ ಕೆಳಗೆ ಗೆರೆ ಎಳೆದು ಪಾಠಕ್ಕೇ ಕೂತುಬಿಟ್ಟೆ.

“ಸ್ಟ್ರೇ ಅಂದ್ರ ಹಿಂಡು ಬಿಟ್ಟು ಬಂದದ್ದು. ಬೀದಿ ನಾಯಿಗೂ ಹಂಗೇ ಅಂತಾರ. ಇಲ್ಲಿ ನಿಮ್ಮ ಅಜ್ಜನ ನಮೂದಿಗೆ ಅಂದಾರ. ಎಲ್ಲೋ ಒಂದು ಕಡೆ ಬಂದದ, ಅದರ ಹಿಂದ ಏನಿಲ್ಲ, ಮುಂದ ಏನಿಲ್ಲ ಅಂತ.”

“ಇದು ಚಲೋದೇನ್ರೀ ಸರ್, ಕೆಟ್ಟದ್ದ?”

ಕನ್ನಡಕ ತೆಗೆದು ಒರೆಸಿದೆ, ಮತ್ತೆ ಹಾಕಿಕೊಂಡೆ.

“ಒಂಟಿ ನಮೂದನ್ನ ನಂಬಲಿಕ್ಕ ಬರಂಗಿಲ್ಲ ಅಂದಾರ. ರಕ್ತಸಂಬಂಧದಾಗಿಂದು ಇನ್ನೊಂದರೆ ಇದ್ರ, ಹರದಿದ್ರೂ ನೋಡ್ತಿದ್ವಿ ಅಂದಾರ. ಅರ್ಜಿ ನಾಮಂಜೂರ್ ಆಗ್ಯದವ್ವಾ.”

ಆಕೆ ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆಯ ಮುಖ ಅರಳಿದ್ದನ್ನು ಕಂಡು ನನಗೆ ಹೆದರಿಕೆಯಾಯಿತು.

“ಸಣ್ಣಜ್ಜನ ಟಿ.ಸಿ. ನಿಮ್ಮ ಕಡೀನೇ ಅದಲ್ರೀ. ನಾಮಂಜೂರಾದ್ರ ಕೋರ್ಟಿಗಿ ಹೋಗ್ಲಿಕ್ಕಿ ಬರ್ತದಂತ. ಏನರೆ ಬ್ಯಾರೆ ಕಾಗದ ಇದ್ರ ತರ್ರಿ ಅಂತ ವಕೀಲರು ಮೊದಲೇ ಅಂದಿದ್ರು.”

ಗಿರಿಜಾಬಾಯಿ ಡಬ್ಬಿ ಇಳಿಸಿ ಕೊಟ್ಟಳು. ಲಗ್ನಪತ್ರಿಕೆ, ಬಿಲ್ಲು, ಚೀಟಿ, ಒಂದೊಂದೇ ತೆಗೆದೆ. ಅದು ಸಿಗದಿದ್ದರೆ ಸಾಕು ಎಂದು ಮನಸ್ಸು ಬೇಡುತ್ತಿತ್ತು. ಕಳೆದುಹೋಯಿತು ಅನ್ನಬಹುದಿತ್ತು. ಆದರೆ ಸಿಕ್ಕಿತು. ಬೆನ್ನ ಮೇಲೆ ನನ್ನದೇ ಕೈಬರಹ, ದಪ್ಪ ನಿಬ್ಬು, ನೀಲಿ ಶಾಯಿ. ಮೇಲೆ ‘ಒಮ್ಮೆ ಮಾತ್ರ’ ಎಂದು ತಲೆಬರಹ, ಕೆಳಗೆ ಇಪ್ಪತ್ತು ಶಬ್ದಗಳು. ಎಣ್ಣೆ ಕುಡಿದ ತೆಳು ಕಾಗದ, ಶಾಯಿ ಆಚೆ ಬದಿಗೂ ಇಳಿದಿತ್ತು. ಗುರಣ್ಣನ ಹೆಸರು ಅರ್ಧ ಉಳಿದಿತ್ತು. ಜಾತಿ ಬರೆದ ಜಾಗದಲ್ಲಿ ಕಾಣುತ್ತಿದ್ದದ್ದು ನನ್ನ ಶಾಯಿಯೇ.

ಇದನ್ನು ಯಾವ ಕೋರ್ಟು ಮುಟ್ಟೀತು. ತಿದ್ದಿದ ಕಾಗದ ಅನ್ನುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅನ್ನುತ್ತಿದ್ದೆ.

“ತಪ್ಪು ನಂದವ್ವಾ,” ಅಂದೆ. “ಹಿಂದ ಖಾಲಿ ಇತ್ತು, ಬರದುಬಿಟ್ಟೆ.”

ಸಾರಿಕಾ ಕಾಗದವನ್ನು ಬೆಳಕಿಗೆ ಹಿಡಿದು ಈ ಬದಿ ನೋಡಿದಳು, ಆ ಬದಿ ನೋಡಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹಳೆಯ ಮಡಿಕೆಯಲ್ಲೇ ಮಡಚಿ, ಆದೇಶದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಎದ್ದಳು.

“ಇರ್ಲಿ ಬಿಡ್ರಿ ಸರ್,” ಅಂದಳು. ಎಂಟನೆಯದರಲ್ಲಿ ಇದ್ದಾಗ ಮಾತಾಡುತ್ತಿದ್ದ ಅದೇ ಮರ್ಯಾದೆಯ ದನಿ.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿದಳು.

“ಪೂನಮ್ ಬಾರಾವಿ ಪಾಸ್ ಆಗ್ಯಾಳ್ರೀ. ನರ್ಸಿಂಗಿಗಿ ಫಾರ್ಮ್ ತುಂಬಬೇಕಂತಾಳ. ಆಕೀಗೂ ಈ ವ್ಯಾಲಿಡಿಟಿ ಕೇಳ್ತಾರ. ನಂದು ಹೋತಲ್ಲ, ಆಕೀದೂ ಇದೇ ಹಣೆಬರಹ ಏನ್ರೀ?”

ನನ್ನ ಮಡಿಲಲ್ಲಿ ಡಬ್ಬಿ ಇತ್ತು, ಅದರ ತುಂಬ ಒಮ್ಮೆ ಮಾತ್ರ ಆಗುವ ಸಂಗತಿಗಳ ಶಬ್ದಗಳು.

“ಹೌದವ್ವಾ,” ಅಂದೆ. “ಆಕೀದೂ ಇದೇ. ನಿಮ್ಮ ಮನ್ಯಾಗ ಮುಂದ ಹುಟ್ಟೋರದೂ ಇದೇ.”