ಬೇಡಮ್ಮ ಹೊಡೆದುಹಾಕಿದ ಸಾಲು

ಯಾರು ಏನೇ ಕೊಡಬಂದರೂ ಆಕೆಯ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ‘ಬೇಡ’. ಕಂಪನಿಗಳವರು ತಂದುಕೊಡುವ ಕ್ಯಾಲೆಂಡರ್ ಬೇಡ, ಹೆಸರು ಅಚ್ಚಾದ ಪೆನ್ನು ಬೇಡ, ಪರಿಚಯದ ನೆಪದಲ್ಲಿ ಕರೆಯುವ ಊಟವೂ ಬೇಡ. ಜನರ ಹಣಕಾಸಿಗೆ ಸಲಹೆ ಹೇಳಿ, ಅದಕ್ಕೆ ಜನರಿಂದಲೇ ಫೀಸು ಪಡೆದು ಬದುಕುತ್ತಿದ್ದ ಆಕೆಗೆ ಬೀದಿಯವರೆಲ್ಲ ‘ಬೇಡಮ್ಮ’ ಎಂದೇ ಹೆಸರಿಟ್ಟುಬಿಟ್ಟಿದ್ದರು. ಮೊಣಕೈಗೆ ತೇಪೆ ಬಿದ್ದ ಬೂದುಬಣ್ಣದ ಕೋಟು, ಅದರ ಜೇಬಿನಲ್ಲೊಂದು ಮೊಂಡು ಪೆನ್ಸಿಲ್, ಎದುರುಗಾಳಿಯನ್ನು ಸೀಳಿ ನಡೆಯುವವರಂತೆ ತುಸು ಮುಂದಕ್ಕೆ ಬಾಗಿದ ನಡಿಗೆ.

ಲೇತ್ ಯಂತ್ರಕ್ಕೆ ಬಲಗೈಯ ಮೂರು ಬೆರಳು ಕೊಟ್ಟು, ಕಾರ್ಖಾನೆಯಿಂದ ಪರಿಹಾರದ ಹಣ ಪಡೆದಿದ್ದ ಕೆಲಸಗಾರನೊಬ್ಬ ಕನ್ನಡಕದ ಅಂಗಡಿಯ ಮೇಲಿದ್ದ ಅವರ ಕೋಣೆಗೆ ಮೊದಲು ಬಂದದ್ದು ಅರೆಮನಸ್ಸಿನಿಂದ. ಹೆಂಡತಿಯ ತಮ್ಮನೇ ವಿಮಾ ಏಜೆಂಟ್. ಅಷ್ಟೂ ಹಣವನ್ನು ಹದಿನೈದು ವರ್ಷದ ಪಾಲಿಸಿಗೆ ಹಾಕಿದರೆ ಭಾವ ನಿಶ್ಚಿಂತೆಯಿಂದ ಮಲಗಬಹುದು ಎಂದು ಅವನು ದಿನವೂ ಹೇಳುತ್ತಿದ್ದ. ಮನೆಯವನನ್ನು ಬಿಟ್ಟು ಹೊರಗಿನವರ ಬಳಿ ಹೋಗುವುದು ಕೆಲಸಗಾರನಿಗೆ ಅಪರಾಧದಂತೆ ಕಂಡಿತ್ತು.

ಬೇಡಮ್ಮ ಎದುರು ಕೂರಿಸಲಿಲ್ಲ. ಕುರ್ಚಿಯನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡು, ತಾವು ಬರೆಯುವುದು ಅವನಿಗೂ ಕಾಣುವಂತೆ ಕೂತರು. ಕೈಗೆ ಇನ್ನೊಂದು ಆಪರೇಷನ್ ಬೇಕಾಗಬಹುದೆಂದು ಅವನು ಹೇಳಿದ್ದನ್ನೂ ಬರೆದುಕೊಂಡರು. ಭಾವಮೈದುನನನ್ನು ಕರೆಸಿ, ಈ ಪಾಲಿಸಿ ಮಾಡಿಸಿದರೆ ನಿಮಗೆಷ್ಟು ಸಿಗುತ್ತದೆ ಎಂದು ನೇರವಾಗಿ ಕೇಳಿದರು. ಅವನು ಫ್ಯಾನು ನೋಡಿದ, ಕಿಟಕಿ ನೋಡಿದ, ಕೊನೆಗೆ ಮೆಲ್ಲಗೆ ಹೇಳಿದ. ಅಷ್ಟಿರುತ್ತದೆಂದು ಕೆಲಸಗಾರ ಎಣಿಸಿಯೇ ಇರಲಿಲ್ಲ.

“ಅದು ನಿಮ್ಮ ದುಡಿಮೆ, ತಪ್ಪಿಲ್ಲ. ಆದ್ರೆ ಭಾವನಿಗೆ ಮೊದಲೇ ಹೇಳ್ಬೇಕಿತ್ತು,” ಎಂದರು ಬೇಡಮ್ಮ.

ಮುಂದಿನ ವಾರ ಅವರ ಸಲಹೆ ಒಂದು ಹಾಳೆಯಲ್ಲಿ ಸಿದ್ಧವಾಗಿತ್ತು: ಒಂದು ಪಾಲು ಬ್ಯಾಂಕಿಗೆ, ಇನ್ನೊಂದು ಪಾಲು ಷೇರುಪೇಟೆಯ ಒಂದು ಫಂಡಿಗೆ. ಆ ಎರಡನೆಯ ಸಾಲಿನ ಮೇಲೆ ಪೆನ್ಸಿಲ್ ಇಟ್ಟು ಅವರು ಅವನ ಕಡೆ ತಿರುಗಿದರು.

“ಈ ಒಂದು ಸಾಲಿನಲ್ಲಿ ಮಾತ್ರ ನನ್ನ ಮಾತು ನಂಬಬೇಡಿ. ಈ ಫಂಡ್ ನಡೆಸೋ ಕಂಪನೀಲಿ ನನ್ನ ತಮ್ಮ ಇದಾನೆ. ನನಗೇನೂ ಬರಲ್ಲ. ಆದ್ರೂ ತಮ್ಮ ತಮ್ಮನೇ ಅಲ್ವಾ?”

ಆ ಸಾಲನ್ನು ಪರೀಕ್ಷಿಸಿ ನೋಡಲೆಂದು ಅವರು ಅವನನ್ನು ಕಳಿಸಿದ್ದು ಎದುರು ಕಟ್ಟಡದ ಹಿರಿಯ ಸಲಹೆಗಾರರ ಬಳಿಗೆ. ಜನರನ್ನು ಹೆದರಿಸುವುದನ್ನು ಬಿಟ್ಟರೆ ಅವಳಿಗೇನೂ ಬಾರದು ಎಂದು ತುಂಬಿದ ಸಭೆಯಲ್ಲಿ ಬೇಡಮ್ಮನನ್ನು ಹಂಗಿಸಿದ್ದ ಮನುಷ್ಯ. ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಅವರೇ ಏಕೆ ಎಂದು ಕೇಳಿದ್ದಕ್ಕೆ ಬೇಡಮ್ಮ, “ಅವರಿಗೆ ನನ್ನ ಕಂಡ್ರಾಗಲ್ಲ. ತಪ್ಪಿದ್ರೆ ಹುಡುಕೇ ಹುಡುಕ್ತಾರೆ,” ಎಂದು, ಅಲ್ಲಿಯ ಫೀಸನ್ನೂ ತಾವೇ ಲಕೋಟೆಯಲ್ಲಿಟ್ಟು ಕೊಟ್ಟರು.

ಹಿರಿಯರು ಹುಡುಕಿಯೇ ಬಿಟ್ಟರು. ಫಂಡಿನಲ್ಲಿ ದೋಷವಿಲ್ಲ, ಆದರೆ ಒಂದೆರಡು ವರ್ಷದಲ್ಲೇ ಆಪರೇಷನ್ನಿಗೆ ಬೇಕಾಗಬಹುದಾದ ಹಣವನ್ನು ಏರಿಳಿಯುವ ಕಡೆ ಇಡುವುದು ಸಲ್ಲದು ಎಂದು ಬರೆದುಕೊಟ್ಟರು. ಆ ಚೀಟಿಯನ್ನು ನಿಂತೇ ಓದಿದ ಬೇಡಮ್ಮ ನಿಧಾನವಾಗಿ ಕುಳಿತರು. ತಮ್ಮದೇ ಟಿಪ್ಪಣಿಯನ್ನು ತೆರೆದು ಅವನ ಮುಂದೆ ಹಿಡಿದರು.

“ನೋಡಿ, ನೀವು ಹೇಳಿದ್ರಿ, ನಾನೇ ಬರ್ಕೊಂಡಿದೀನಿ. ಬರ್ಕೊಂಡೂ ನನಗೆ ಕಾಣಲಿಲ್ಲ.”

ಸಾಲು ಹೊಡೆದುಹಾಕಿ ಆ ಪಾಲನ್ನೂ ಬ್ಯಾಂಕಿಗೇ ಬರೆದರು; ಅವನು ಎಷ್ಟು ಬೇಡವೆಂದರೂ ಕೇಳದೆ ತಮ್ಮ ಫೀಸು ಹಿಂತಿರುಗಿಸಿದರು. ಆ ಮುಖದಲ್ಲಿ ಅವಮಾನವನ್ನು ಹುಡುಕಿದ ಕೆಲಸಗಾರನಿಗೆ ಕಂಡದ್ದು, ಕೂದಲೆಳೆಯಷ್ಟು ವ್ಯತ್ಯಾಸವನ್ನು ಅಳತೆಯಲ್ಲಿ ಹಿಡಿದ ಹಳೆಯ ಮೇಸ್ತ್ರಿಯ ಏಕಾಗ್ರತೆ. ತಪ್ಪು ಮಾಡಿದವರ ಹತ್ತಿರ ಮತ್ತೆ ಹೋಗುವುದುಂಟೇ ಎಂದು ಹೆಂಡತಿ ಕೇಳಿದಾಗ, ಇನ್ನು ಬೇರೆಲ್ಲಿಗೂ ಹೋಗುವುದಿಲ್ಲ ಎಂದಷ್ಟೇ ಹೇಳಿದ. ಮರುವರ್ಷ ಆಪರೇಷನ್ ಆಗಲೇಬೇಕಾಯಿತು. ಬ್ಯಾಂಕಿನಲ್ಲಿದ್ದ ಹಣ ಹೊತ್ತಿಗೆ ಒದಗಿತು, ಹೆಬ್ಬೆರಳಿಗೆ ಹಿಡಿತ ಮರಳಿತು.

ಪರರ ಲೋಭವನ್ನು ಗುರುತಿಸುವ ಕಣ್ಣು ಲೋಕದಲ್ಲಿ ಅನೇಕರಿಗೆ ಉಂಟು. ತನ್ನೊಳಗಿನ ಮಮತೆ ಎಲ್ಲಿ ತಕ್ಕಡಿಯನ್ನು ಮುಟ್ಟೀತೋ ಎಂದು ಅಳುಕಿ, ತನ್ನನ್ನು ಒಪ್ಪದವನ ಕೈಗೇ ಆ ತಕ್ಕಡಿಯನ್ನು ಒಪ್ಪಿಸುವವರು ಅಪೂರ್ವ. ತಮ್ಮ ಪ್ರಾಮಾಣಿಕತೆಗೂ ಕಾವಲು ಬೇಕೆಂದು ಬಲ್ಲ ಇಂಥವರ ಬಳಿ ಸಲುಗೆ ಬೆಳೆಯುವುದು ಕಷ್ಟ. ಆದರೆ ಅವರ ಪಕ್ಕದಲ್ಲಿ ಕುಳಿತಷ್ಟು ಹೊತ್ತು ಮನುಷ್ಯನಿಗೆ ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ನಾಲಗೆ ಏಳುವುದಿಲ್ಲ.